ಕಾರವಾರದ ಡಾಲ್ಫಿನ್ ಸವಾರಿ: ಯಾವ ದೋಣಿ ಹತ್ತಬೇಕು?

ದುಬೈನ ಕೊಳಗಳಲ್ಲಿ ದುಡ್ಡು ಕೊಟ್ಟು ಡಾಲ್ಫಿನ್ ತಬ್ಬಿಕೊಳ್ಳುವ ಫೋಟೊಗಳಲ್ಲಿ ಕಾಣುವ ‘ನಗು’ ಬರೀ ದವಡೆಯ ಆಕಾರ. ಸತ್ತ ಡಾಲ್ಫಿನ್ ಮುಖದಲ್ಲೂ ಅದು ಹಾಗೇ ಇರುತ್ತದೆ. ಭಾರತ 2013ರಲ್ಲೇ ಡಾಲ್ಫಿನೇರಿಯಂ (ಡಾಲ್ಫಿನ್‌ಗಳನ್ನು ಕೊಳದಲ್ಲಿ ಕೂಡಿಟ್ಟು ಪ್ರದರ್ಶಿಸುವ ಜಾಗ) ಬೇಡವೆಂದದ್ದು ಒಳ್ಳೆಯದೇ ಆಯಿತು.

ಕಾರವಾರದಲ್ಲಿ ಹಾಗಲ್ಲ. ಕಾಳಿ ನದಿಯ ಅಳಿವೆ, ದೇವಬಾಗ ಕಡಲತೀರ, ಕೂರ್ಮಗಡ ದ್ವೀಪದ ಸುತ್ತ ಗೂನುಬೆನ್ನಿನ ಡಾಲ್ಫಿನ್‌ಗಳು ತಮ್ಮ ಪಾಡಿಗೆ ಮೀನು ಹಿಡಿಯುತ್ತಿರುತ್ತವೆ. ಬೆಳಗಿನ ಸವಾರಿಯೇ ಸರಿ. ಗಾಳಿ ಏಳುವ ಮುಂಚೆ ನೀರು ಸಮತಟ್ಟಾಗಿರುವುದರಿಂದ ಬೆನ್ನಿನ ರೆಕ್ಕೆ ದೂರದಿಂದಲೇ ಗೊತ್ತಾಗುತ್ತದೆ. ಮಳೆಗಾಲದಲ್ಲಿ ಬೇಡವೇ ಬೇಡ.

ತೊಂದರೆ ಇರುವುದು ಬೆನ್ನಟ್ಟುವುದರಲ್ಲಿ. ‘ಕಾಣದಿದ್ದರೆ ಹಣ ವಾಪಸ್’ ಎನ್ನುವ ದೋಣಿ ಹತ್ತಬೇಡಿ. ಆ ಮಾತು ಉಳಿಸಿಕೊಳ್ಳಲು ಅಂಬಿಗ ಹಿಂಡಿನ ನಡುವೆಯೇ ನುಗ್ಗಿಸುತ್ತಾನೆ. ಡಾಲ್ಫಿನ್ ದಾರಿ, ಬೇಟೆ ಎರಡನ್ನೂ ಹುಡುಕುವುದು ಶಬ್ದದಿಂದ. ಎಂಜಿನ್ ಗದ್ದಲದಲ್ಲಿ ಮರಿ ತಾಯಿಯಿಂದ ತಪ್ಪಿಹೋಗಬಹುದು. ಒಳ್ಳೆಯ ಅಂಬಿಗ ಎದುರಿನಿಂದ ಹೋಗದೆ ಪಕ್ಕದಲ್ಲಿ ಸಾಗುತ್ತಾನೆ, ಐವತ್ತು ಮೀಟರ್ ದೂರದಲ್ಲೇ ಗೇರ್ ನ್ಯೂಟ್ರಲ್‌ಗೆ ತರುತ್ತಾನೆ, ಹತ್ತು ಹದಿನೈದು ನಿಮಿಷಕ್ಕೆ ಹಿಂತಿರುಗುತ್ತಾನೆ. ಬಿಸ್ಕತ್ತು ಎಸೆಯಲು, ನೀರಿಗೆ ಇಳಿಯಲು ಬಿಡುವುದಿಲ್ಲ. ಲೈಫ್ ಜಾಕೆಟ್ಟಿನ ಬಕಲ್ ಹಾಕಿಯೇ ಹೊರಡುತ್ತಾನೆ.

ಎಂಜಿನ್ ಗದ್ದಲ ತಗ್ಗಿದ ಆ ಮೌನದಲ್ಲಿ ‘ಪುಸ್ಸ್’ ಎಂದು ಡಾಲ್ಫಿನ್ ಉಸಿರು ಬಿಡುವುದು ಕಿವಿಗೆ ಬೀಳುತ್ತದೆ. ಕೊಟ್ಟ ಹಣ ಅದಕ್ಕೇ ಸಲ್ಲುತ್ತದೆ.