ಏಳು ಮಂದಿಯ ಪ್ರಯಾಣಕ್ಕೆ ಎಂಪಿವಿಯೋ, ದೊಡ್ಡ ಎಸ್‌ಯುವಿಯೋ?

ವಿಜಯಪುರದಿಂದ ಕೂಡಲಸಂಗಮಕ್ಕೆ ಮನೆಯ ಏಳು ಮಂದಿ ಎರಡು ಸಲ ಬಾಡಿಗೆ ವಾಹನದಲ್ಲಿ ಹೋಗಿಬಂದೆವು. ಮೊದಲ ಸಲ ದೊಡ್ಡ ಎಸ್‌ಯುವಿ, ಎರಡನೆಯ ಸಲ ಎಂಪಿವಿ, ಅಂದರೆ ಹೆಚ್ಚು ಮಂದಿ ಕೂರಲೆಂದೇ ಮಾಡಿದ ಕಾರು: ಟೊಯೋಟಾ ಇನ್ನೋವಾ ಹೈಕ್ರಾಸ್. ಎಸ್‌ಯುವಿಯ ಗತ್ತು ನೋಡುವವರಿಗೆ ಚೆನ್ನ, ಆದರೆ ಮಂಡಿನೋವಿನ ಅವ್ವ ಇಳಕಲ್ ಸೀರೆಯ ನಿರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಹಿಡಿಕೆಗೆ ಜೋತುಬಿದ್ದು ಹತ್ತಬೇಕಾಯಿತು. ಮೂರನೆಯ ಸಾಲಿನಲ್ಲಿ ನೆಲ ಎತ್ತರ, ಸೀಟು ತಗ್ಗು. ನಿಡಗುಂದಿ ತಲುಪುವಷ್ಟರಲ್ಲಿ ನನ್ನ ಮೊಣಕಾಲು ಎದೆಯ ಮಟ್ಟಕ್ಕೆ ಬಂದಿದ್ದವು.

ಹೊರಗಿನ ಉದ್ದವನ್ನು ನೋಡಿ ಒಳಗಿನ ಜಾಗವನ್ನು ಅಳೆಯಲಾಗದು. ಟೊಯೋಟಾದ್ದೇ ದೊಡ್ಡ ಎಸ್‌ಯುವಿ ಫಾರ್ಚೂನರ್ (ನಾವು ಹತ್ತಿದ್ದು ಅದಲ್ಲ) 4795 ಮಿ.ಮೀ. ಉದ್ದವಿದ್ದರೂ ಅದರ ವೀಲ್‌ಬೇಸ್ (ಮುಂಚಕ್ರ ಮತ್ತು ಹಿಂಚಕ್ರಗಳ ನಡುವಿನ ಅಂತರ) 2745 ಮಿ.ಮೀ.; 4755 ಮಿ.ಮೀ. ಉದ್ದದ ಹೈಕ್ರಾಸ್‌ನದು 2850 ಮಿ.ಮೀ. ಇದಲ್ಲದೆ, ಲ್ಯಾಡರ್ ಫ್ರೇಮ್ (ಏಣಿಯಂಥ ಉಕ್ಕಿನ ಚೌಕಟ್ಟಿನ ಮೇಲೆ ಒಡಲನ್ನು ಕೂರಿಸಿದ) ಎಸ್‌ಯುವಿಗಳಲ್ಲಿ ಆ ಚೌಕಟ್ಟು ಮತ್ತು ಹಿಂಚಕ್ರದ ಆಕ್ಸಲ್ (ಅಚ್ಚು) ನೆಲವನ್ನು ಮೇಲೆತ್ತುತ್ತವೆ. ಮುಂಚಕ್ರಗಳಿಂದಲೇ ಓಡುವ ಮೋನೋಕಾಕ್ (ಒಡಲೂ ಚೌಕಟ್ಟೂ ಒಂದೇ ಆಗಿರುವ) ಹೈಕ್ರಾಸ್‌ನಲ್ಲಿ ನೆಲ ತಗ್ಗಾಗಿದ್ದು, ಅವ್ವ ಯಾರ ಆಸರೆಯೂ ಇಲ್ಲದೆ ಹತ್ತಿ ಕುಳಿತರು. ಏಳೂ ಸೀಟು ತುಂಬಿದಾಗ ಸಾಮಾನಿಗೆ ಎರಡರಲ್ಲೂ ಇಕ್ಕಟ್ಟೇ. ರೊಟ್ಟಿಯ ಬುತ್ತಿ ಎರಡು ಸಲವೂ ನನ್ನ ತೊಡೆಯ ಮೇಲೆಯೇ ಇತ್ತು. ಮಳೆಗಾಲದಲ್ಲಿ ಎರೆಮಣ್ಣಿನ ಹೊಲದ ದಾರಿ ಹಿಡಿಯುವವರಿಗೆ ಮಾತ್ರ ನಾನು ಎಸ್‌ಯುವಿಯನ್ನೇ ಹೇಳುವೆ.