ಹಿಂಗಾಲಿಗೆ ಆಸರೆ ಕೊಡುವ ಹಾರ್ನೆಸ್: ಒಂದು ಮಳೆಗಾಲ ಕಳೆದ ಮೇಲೆ

ಹದಿಮೂರು ವರ್ಷದ ನಮ್ಮ ಲ್ಯಾಬ್ರಡಾರ್ ಗುಂಡನಿಗಾಗಿ ಆನ್‌ಲೈನ್‌ನಲ್ಲಿ ತರಿಸಿದ ಈ ಹಾರ್ನೆಸ್, ಅಂದರೆ ಮೈಗೆ ಕಟ್ಟಿ ಹಿಡಿಕೆಯಿಂದ ಆಸರೆ ಕೊಡುವ ಪಟ್ಟಿ, ತನ್ನ ಮುಖ್ಯ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಆದರೆ ಇದನ್ನು ಹೊಲಿದವರು ಗಂಡು ನಾಯಿಯ ಮೈಕಟ್ಟನ್ನು ಗಮನಿಸಿಲ್ಲ. ಅಳತೆ, ಬಣ್ಣ, ಬಕಲ್‌ಗಳ ವಿವರ ಮಾರಾಟದ ಪುಟದಲ್ಲೇ ಇರುವುದರಿಂದ ಬಳಕೆಯ ವಿಷಯವನ್ನಷ್ಟೇ ಬರೆಯುತ್ತೇನೆ.

ಗುಂಡನಿಗಿರುವುದು ಸೊಂಟದ ಕೀಲುಗಳ ಸವೆತ. ಬೆಳೆಯುವ ವಯಸ್ಸಿನಲ್ಲೇ ಸೊಂಟದ ಕೀಲು ಸಡಿಲಗೊಳ್ಳುವ ಹಿಪ್ ಡಿಸ್‌ಪ್ಲೇಸಿಯಾ ಈ ತಳಿಯಲ್ಲಿ ಹೆಚ್ಚು; ಅದು ಮುಪ್ಪಿನಲ್ಲಿ ಸಂಧಿವಾತವಾಗಿ ಕಾಡುತ್ತದೆ. ಆರೋಗ್ಯವಾಗಿರುವ ನಾಯಿಯೂ ಮೈಭಾರದ ಸುಮಾರು ಶೇ. 60ರಷ್ಟನ್ನು ಮುಂಗಾಲುಗಳ ಮೇಲೆ ಹೊರುತ್ತದೆ. ಹಿಂಗಾಲು ಸೋತಾಗ ಉಳಿದ ಭಾರವೂ ಮುಂದಕ್ಕೆ ಸರಿದು ಭುಜಗಳು ಬೇಗ ದಣಿಯುತ್ತವೆ. ಹಾರ್ನೆಸ್‌ನ ಹಿಂಬದಿಯ ಹಿಡಿಕೆಯನ್ನು ತುಸುವೇ ಮೇಲೆತ್ತಿ ಹಿಡಿದರೆ ಆ ಹೊರೆ ಇಳಿದು, ಗುಂಡ ತನ್ನ ನಾಲ್ಕು ಕಾಲುಗಳನ್ನೂ ತಾನೇ ಎತ್ತಿಡುತ್ತಾನೆ.

ಬಸವನಗುಡಿಯ ನಮ್ಮ ಮನೆಯಲ್ಲಿ ಬೆಳಗಿನ ಹಾಲು ಬರುವ ಮೊದಲೇ ಈ ಕೆಲಸ ಶುರುವಾಗುತ್ತದೆ. ಡಿಸೆಂಬರಿನ ಚಳಿಯಲ್ಲಿ ಅವನ ಕೀಲುಗಳು ಬಿಗಿದುಕೊಂಡಿರುತ್ತವೆಯಾದ್ದರಿಂದ, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲ್ಲನ್ನು ತೊಡೆಗಳ ಮೇಲೆ ಸ್ವಲ್ಪ ಹೊತ್ತು ಇರಿಸಿ, ಅಂಗೈಯಿಂದ ಮೆಲ್ಲಗೆ ನೀವುತ್ತೇನೆ. ಅವನು ಮಗ್ಗುಲಾಗಿ ಮಲಗಿರುವಾಗಲೇ ಪಟ್ಟಿಯನ್ನು ಹೊಟ್ಟೆಯಡಿಗೆ ತೂರಿಸಿ, ಬಕಲ್ ಹಾಕಿ, ‘ಏಳಪ್ಪಾ’ ಎನ್ನುತ್ತೇನೆ. ಬಕಲ್ಲಿನ ‘ಟಕ್’ ಸದ್ದಿಗೆ ಅವನ ಬಾಲ ಅಲ್ಲಾಡುವುದನ್ನು ನೋಡುವ ಸಂತೋಷ ನನಗೆ ಹಳತಾಗಿಲ್ಲ. ಹಿಡಿಕೆಗೆ ಉದ್ದನೆಯ ಪಟ್ಟಿಯೊಂದನ್ನು ಕೊಟ್ಟಿರುವುದು ಬಹಳ ಉಪಕಾರವಾಗಿದೆ. ಬೆನ್ನು ಬಗ್ಗಿಸಲಾಗದ ನಮ್ಮ ಅತ್ತೆಯವರೂ ನೆಟ್ಟಗೆ ನಿಂತುಕೊಂಡೇ ಅವನನ್ನು ಗೇಟಿನವರೆಗೆ ನಡೆಸುತ್ತಾರೆ.

ಜೂನ್ ತಿಂಗಳವರೆಗೆ ನನ್ನ ಮೆಚ್ಚುಗೆಗೆ ಕೊರತೆಯಿರಲಿಲ್ಲ. ಹೊಟ್ಟೆಯಡಿಯ ಸ್ಪಂಜಿನ ಮೆತ್ತೆ ತೀರಾ ಹಿಂದಕ್ಕೆ ಚಾಚಿಕೊಂಡಿರುವುದರಿಂದ ಗಂಡು ನಾಯಿ ಮೂತ್ರ ಮಾಡುವಾಗ ಅದು ನೆನೆಯುತ್ತದೆ. ಬೇಸಿಗೆಯಲ್ಲಿ ತೊಳೆದು ತಾರಸಿಯಲ್ಲಿ ಹರವಿದರೆ ಸಂಜೆಗೆ ಒಣಗುತ್ತಿತ್ತು. ಮಳೆ ಹಿಡಿದ ಮೇಲೆ ಮರುದಿನವೂ ಅದರೊಳಗೆ ತೇವ ಉಳಿಯುತ್ತಿತ್ತು. ಆ ತೇವವೂ ಪಟ್ಟಿಯ ಉಜ್ಜುವಿಕೆಯೂ ಸೇರಿ ಅವನ ತೊಡೆಸಂದಿನ ಚರ್ಮ ಕೆಂಪಾಗಿ, ಕೂದಲು ಉದುರಿ, ಹಾರ್ನೆಸ್ ಕಂಡರೆ ಮುಖ ತಿರುಗಿಸುವಂತಾಯಿತು. ನೋವು ತಿಂದು ಸುಮ್ಮನಿರುವ ಪ್ರಾಣಿಗೆ ಇದು ಅನ್ಯಾಯ. ಬದಲಿ ಮೆತ್ತೆ ಕೇಳಿದಾಗ, ಬಿಡಿಭಾಗ ಮಾರುವುದಿಲ್ಲ, ಪೂರ್ತಿ ಹೊಸದನ್ನೇ ಕೊಳ್ಳಿ ಎಂಬ ಉತ್ತರ ಬಂತು. ಪಿಂಚಣಿಯಲ್ಲಿ ಮನೆ ನಡೆಸುವ ನನಗೆ ಇನ್ನೊಮ್ಮೆ ನಾಲ್ಕು ಸಾವಿರ ರೂಪಾಯಿ ಸಣ್ಣ ಮೊತ್ತವಲ್ಲ.

ಕೊನೆಗೆ ಶಾಲಾ ಬ್ಯಾಗು ರಿಪೇರಿ ಮಾಡುವ ನಮ್ಮ ಬೀದಿಯ ಕುಶಲಕರ್ಮಿಯೊಬ್ಬರು ಮೆತ್ತೆಯ ಹಿಂಭಾಗವನ್ನು ಅರ್ಧಚಂದ್ರಾಕಾರದಲ್ಲಿ ಕತ್ತರಿಸಿ, ಅಂಚಿಗೆ ಮೆತ್ತನೆಯ ಹತ್ತಿ ಬಟ್ಟೆ ಹೊಲಿದು, ತೆಗೆದು ಒಗೆಯಬಹುದಾದ ಎರಡು ಒಳಪದರಗಳನ್ನು ಮಾಡಿಕೊಟ್ಟರು. ಹುಣ್ಣು ಮಾಯುವವರೆಗೆ ಹಾರ್ನೆಸ್ ಬಿಟ್ಟು, ಮಡಚಿದ ಹಳೆಯ ಬೆಡ್‌ಶೀಟನ್ನು ಸೊಂಟದಡಿ ಹಾಕಿ ನಡೆಸಿದೆವು. ಈಗ ಹೊರಗಿನಿಂದ ಬಂದೊಡನೆ ಹಾರ್ನೆಸ್ ಬಿಚ್ಚಿ, ತೊಡೆಸಂದನ್ನು ಒರೆಸಿ ಒಣಗಿಸುತ್ತೇವೆ. ಇದನ್ನು ದಿನವಿಡೀ ಹಾಕಿಡಬಹುದೆಂಬ ಜಾಹೀರಾತಿನ ಮಾತನ್ನು ನಾನು ಒಪ್ಪುವುದಿಲ್ಲ.

ಮನೆಯ ನೆಲ ಜಾರುತ್ತಿದ್ದರೆ ಯಾವ ಹಾರ್ನೆಸ್ ತಂದರೂ ಪ್ರಯೋಜನ ಕಡಿಮೆ. ವಿಟ್ರಿಫೈಡ್ ಟೈಲ್ಸ್ ಮೇಲೆ ಅವನು ಓಡಾಡುವ ದಾರಿಗೆಲ್ಲ ಯೋಗಾ ಮ್ಯಾಟ್ ಕತ್ತರಿಸಿ ಹಾಸಿದ್ದೇವೆ. ಉಗುರು ಮತ್ತು ಅಂಗಾಲಿನ ನಡುವಿನ ಕೂದಲನ್ನು ಆಗಾಗ ಕತ್ತರಿಸುತ್ತೇವೆ. ತೂಕ ಇಳಿಸಿದ್ದರಿಂದಲೂ ಅವನ ನಡಿಗೆ ಹಗುರಾಗಿದೆ. ನೋವಿಗೆ ಪಶುವೈದ್ಯರು ಬರೆದುಕೊಟ್ಟ ಔಷಧವನ್ನು ಬಿಟ್ಟು ಮನೆಯಲ್ಲಿರುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾತ್ರೆಗಳನ್ನು ದಯವಿಟ್ಟು ಕೊಡಬೇಡಿ. ಅವು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ, ಮೂತ್ರಪಿಂಡವನ್ನೂ ಕೆಡಿಸುತ್ತವೆ.

ಹೆಣ್ಣು ನಾಯಿಯಿದ್ದರೆ ಇದನ್ನು ಧೈರ್ಯವಾಗಿ ಕೊಳ್ಳಬಹುದು. ಗಂಡು ನಾಯಿಯಿದ್ದವರು ಹೊಟ್ಟೆಯ ಮೆತ್ತೆ ಎಲ್ಲಿಗೆ ಮುಗಿಯುತ್ತದೆ, ಅದು ಬಿಡಿಯಾಗಿ ಸಿಗುತ್ತದೆಯೇ ಎಂಬುದನ್ನು ಹಣ ಕೊಡುವ ಮೊದಲೇ ಕೇಳಿಕೊಳ್ಳಿ. ಅಳತೆಯನ್ನು ನಾಯಿ ನಿಂತಿರುವಾಗಲೇ ತೆಗೆಯಿರಿ.