ಪೀಣ್ಯದ ಪಕ್ಕದ ಮನೆಗೆ ಏರ್ ಪ್ಯೂರಿಫೈಯರ್: ಹದಿನಾಲ್ಕು ತಿಂಗಳ ಲೆಕ್ಕ

ಬೆಂಗಳೂರಿನ ಕೈಗಾರಿಕಾ ಪ್ರದೇಶ ಪೀಣ್ಯದಲ್ಲಿ ನನ್ನದೊಂದು ಸಣ್ಣ ಲೇತ್ ಶೆಡ್ ಇದೆ. ಮನೆ ಟಿ. ದಾಸರಹಳ್ಳಿ, ತುಮಕೂರು ರಸ್ತೆಯಿಂದ ಎರಡು ಕ್ರಾಸ್ ಒಳಗೆ. ಬೆಳಿಗ್ಗೆ ಒರೆಸಿದ ಟಿ.ವಿ. ಮೇಲೆ ಸಂಜೆಗೆ ಬೆರಳಲ್ಲಿ ಹೆಸರು ಬರೆಯಬಹುದು. ಅಮ್ಮನಿಗೆ ಎಪ್ಪತ್ತೊಂದು, ಉಬ್ಬಸ ಹಳೇದು. ಚಳಿಗಾಲದಲ್ಲಿ ರಾತ್ರಿ ಎರಡು ಗಂಟೆಗೆ ಎದ್ದು ಕೂತು ಕೆಮ್ಮೋದನ್ನ ನೋಡಲಾಗದೆ 11,500 ರೂಪಾಯಿ ಕೊಟ್ಟು ಈ ಡಬ್ಬಿ ತಂದೆ. ಕಂಪನಿ ಹೆಸರು ಬೇಡ. ಈ ಬೆಲೆಗೆ ಸಿಗೋ ಎಲ್ಲದರ ಹೊಟ್ಟೆಯೊಳಗೂ ಇರೋದು ಒಂದು ಫ್ಯಾನು, ಒಂದು ಫಿಲ್ಟರು, ಒಂದು ಸೆನ್ಸರು. ಐದಕ್ಕೆ ಮೂರೂವರೆ ಕೊಡ್ತೀನಿ. ಕಳೆದ ಒಂದೂವರೆಯಲ್ಲಿ ನನ್ನ ತಪ್ಪೂ ಸ್ವಲ್ಪ ಇದೆ.

ಮೊದಲು ಅಂಗಡಿಯವನ ಮಾತು. 'ನಾನೂರು ಚದರಡಿ ಕವರ್ ಆಗುತ್ತೆ ಸಾರ್' ಅಂದ. ನಂಬಬೇಡಿ. ಚದರಡಿಯಲ್ಲ, ರೂಮಿನ ಎತ್ತರವೂ ಲೆಕ್ಕಕ್ಕೆ ಬರಬೇಕು. ಅಮ್ಮನ ರೂಮು ಹತ್ತಡಿಗೆ ಹನ್ನೆರಡಡಿ, ಎತ್ತರ ಹತ್ತಡಿ, ಅಂದರೆ ಸುಮಾರು 34 ಘನ ಮೀಟರ್ ಗಾಳಿ. ಗಂಟೆಗೆ ಐದು ಸಲ ಅಷ್ಟೂ ಗಾಳಿ ಶುದ್ಧವಾಗಬೇಕಾದರೆ ಮಿಷನ್ನಿನ ಸಿಎಡಿಆರ್, ಅಂದರೆ ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತೆ ಅನ್ನೋ ಅಂಕಿ, 170 ಆದರೂ ಬೇಕು. ನಮ್ಮದು 250 ಅಂತ ಬರೆದಿದೆ, ಅದೂ ಫುಲ್ ಸ್ಪೀಡಿನಲ್ಲಿ. ಆ ಸ್ಪೀಡಿಗೆ ಹೋಟೆಲ್ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಥರ ಸದ್ದು, ಯಾರೂ ಮಲಗಕ್ಕಾಗಲ್ಲ. ಮಧ್ಯದ ಸ್ಪೀಡಿನಲ್ಲಿ, ಕಿಟಕಿ ಬಾಗಿಲು ಹಾಕಿ ಮುಕ್ಕಾಲು ಗಂಟೆ ಬಿಟ್ಟರೆ ಪಿಎಂ 2.5 (ಎರಡೂವರೆ ಮೈಕ್ರಾನ್‌ಗಿಂತ ಸಣ್ಣ ಧೂಳಿನ ಕಣ; ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಅರವತ್ತರ ಆಸುಪಾಸಿನಿಂದ ಹತ್ತು-ಹನ್ನೆರಡಕ್ಕೆ ಇಳಿಯುತ್ತೆ. ಹಾಲ್‌ಗೆ ತಂದಿಟ್ಟರೆ ಸುಮ್ಮನೆ ಕರೆಂಟ್ ದಂಡ.

ಆ ಹಸಿರು ದೀಪ ನೋಡಿ ಸಮಾಧಾನ ಮಾಡ್ಕೋಬೇಡಿ. ಪಿಎಂ 2.5 ಅಂಕಿ 50 ಇದ್ದರೂ ಹಸಿರೇ. ದಿನದ ಸರಾಸರಿಗೆ ನಮ್ಮ ದೇಶದ ಮಿತಿ ಘನ ಮೀಟರ್ ಗಾಳಿಗೆ 60 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹಾಕಿದ ಮಿತಿ 15. ಬಣ್ಣ ಕಂಪನಿಯವರ ಇಷ್ಟ, ಅಂಕಿ ನೋಡಿ.

ಸೆನ್ಸರ್ ಮಾತ್ರ ಚುರುಕು. ಅಡುಗೆಮನೆಯಲ್ಲಿ ಒಣಮೆಣಸಿನಕಾಯಿ ಒಗ್ಗರಣೆ ಬಿದ್ದ ಅರ್ಧ ನಿಮಿಷಕ್ಕೆ ದೀಪ ಕೆಂಪಾಗಿ ಗುರ್ರ್ ಅನ್ನುತ್ತೆ. 'ನನಗಿಂತ ಮುಂಚೆ ಇದಕ್ಕೇ ಘಾಟು ಹತ್ತುತ್ತಲ್ಲೋ' ಅಂತ ಅಮ್ಮ ನಗ್ತಾಳೆ. ನಗು ನಿಂತಿದ್ದು ಪೂಜೆ ಹೊತ್ತಲ್ಲಿ. ಎರಡು ಊದುಬತ್ತಿಗೆ ಅಂಕಿ ಇನ್ನೂರರ ಹತ್ತಿರ ಹೋಯಿತು. ಈಗ ಒಂದಕ್ಕೆ ಇಳಿಸಿದ್ದಾಳೆ. ಪೂರ್ತಿ ನಿಲ್ಲಿಸು ಅನ್ನೋ ಧೈರ್ಯ ನನಗಿಲ್ಲ.

ನನಗೆ ಫಿಲ್ಟರ್ ಹೊಸದಲ್ಲ ಅಂತ ಗೊತ್ತಾಗಿ ಅಮ್ಮನ ಡಾಕ್ಟರು ನನ್ನ ಭಾಷೆಯಲ್ಲೇ ಪಾಠ ಮಾಡಿದರು. ಮೂಗಿನ ಕೂದಲು ಪ್ರೀ-ಫಿಲ್ಟರ್. ಶ್ವಾಸನಾಳದ ಒಳಗೋಡೆಯ ಸೂಕ್ಷ್ಮ ರೋಮಗಳು ಕನ್ವೇಯರ್ ಬೆಲ್ಟ್, ಅಂಟಿದ ಧೂಳನ್ನ ಕಫದ ಜೊತೆ ಮೇಲಕ್ಕೆ ತಳ್ಳುತ್ತವೆ. 2.5 ಮೈಕ್ರಾನ್‌ಗಿಂತ ಸಣ್ಣ ಕಣ ಇವೆರಡನ್ನೂ ದಾಟಿ ಶ್ವಾಸಕೋಶದ ಕೊನೆಯ ಗಾಳಿಗೂಡಿನ ತನಕ ಇಳಿಯುತ್ತೆ. (ಲೇತ್‌ನಲ್ಲಿ ಅಳತೆ ಹತ್ತು ಮೈಕ್ರಾನ್ ಒಳಗೆ ಹಿಡಿಯೋಕೇ ನಾನು ಬೆವರು ಸುರಿಸ್ತೀನಿ.) ಅಲ್ಲಿ ಬೆಲ್ಟ್ ಇಲ್ಲ. ಮ್ಯಾಕ್ರೋಫೇಜ್ ಅನ್ನೋ ಕಾವಲು ಜೀವಕೋಶಗಳು ಬ್ಯಾಕ್ಟೀರಿಯಾ ನುಂಗೋ ಹಾಗೆ ಇದನ್ನೂ ನುಂಗುತ್ತವೆ. ಬ್ಯಾಕ್ಟೀರಿಯಾ ಕರಗುತ್ತೆ, ಡೀಸೆಲ್ ಮಸಿ ಕರಗಲ್ಲ. ಮಸಿ ತಿಂದು ಹೊಟ್ಟೆ ಬಿರಿದ ಕಾವಲುಗಾರ ನಿಜವಾದ ಕಳ್ಳ ಬಂದಾಗ ಏಳಲಾರ. ಆದರೆ ಕೂತಲ್ಲೇ ಕೂಗು ಹಾಕ್ತಾನೆ, ಆ ಕೂಗಿಗೆ ನಾಳಗಳು ಊದಿಕೊಳ್ಳುತ್ತವೆ. ಉಬ್ಬಸದವರಿಗೆ ಅಷ್ಟು ಸಾಕು.

ಆಮೇಲೆ ಮೊಬೈಲ್‌ನಲ್ಲಿ ಓದಿದೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದವರು 84 ಮಂದಿ ಅಂಗದಾನಿಗಳ ಲಿಂಫ್ ನೋಡ್‌ಗಳನ್ನ (ರೋಗದ ವಿರುದ್ಧ ಹೋರಾಡೋ ಜೀವಕೋಶಗಳು ಸೇರೋ ಸಣ್ಣ ಗಂಟುಗಳು) ಪರೀಕ್ಷಿಸಿ 2022ರಲ್ಲಿ ವರದಿ ಮಾಡಿದ್ದಾರೆ. ಕರುಳಿನ ಹತ್ತಿರದವು ಬಿಳಿಚಾಗೇ ಇದ್ದವು. ಶ್ವಾಸಕೋಶದ ಪಕ್ಕದವು ವಯಸ್ಸಾದವರಲ್ಲಿ ಕಪ್ಪು. ಆ ಕಪ್ಪನ್ನ ಹೊತ್ತ ಮ್ಯಾಕ್ರೋಫೇಜ್‌ಗಳ ನುಂಗೋ ಶಕ್ತಿ ಕುಗ್ಗಿತ್ತು. ಶೀತ ಆದರೆ ನಮಗೆ ಮೂರು ದಿನ, ಅಮ್ಮನಿಗೆ ಮೂರು ವಾರ ಯಾಕೆ ಅನ್ನೋದಕ್ಕೆ ಇದೂ ಒಂದು ಕಾರಣ ಇರಬೇಕು ಅಂದ್ಕೊಂಡೆ.

ಈಗ ನನ್ನ ತಪ್ಪು. ಫಿಲ್ಟರ್ 'ಒಂದು ವರ್ಷ' ಅಂದಿದ್ದರು, ಏಳನೇ ತಿಂಗಳಿಗೇ ಬದಲಾಯಿಸು ಅಂತ ದೀಪ ಬಂತು. ಹೊರಗೆಳೆದರೆ ಬೆಳ್ಳಗಿದ್ದ ಮಡಿಕೆಗಳು ಸೌದೆ ಒಲೆಯ ಹಿಂದಿನ ಗೋಡೆ ಬಣ್ಣಕ್ಕೆ ತಿರುಗಿವೆ. ಹೊಸದಕ್ಕೆ 3,200. ಸರ್ವಿಸ್ ಸೆಂಟರ್‌ನಲ್ಲಿ ಸ್ಟಾಕ್ ಇಲ್ಲ. ನಾನು ಜಾಣ. ಶೆಡ್‌ಗೆ ಒಯ್ದು, ಕಾರಿನ ಫಿಲ್ಟರ್‌ಗೆ ಹೊಡೆಯೋ ಹಾಗೆ ಕಂಪ್ರೆಸರ್ ಏರ್ ಗನ್ ಹಿಡಿದೆ. ಬೂದಿ ಮೋಡ ಎದ್ದಿತು, ಹುಡುಗರು ಚಪ್ಪಾಳೆ ತಟ್ಟಿದರು. ವಾಪಸ್ ಹಾಕಿದ ರಾತ್ರಿ ಅಂಕಿ ಮೂವತ್ತರಿಂದ ಕೆಳಗಿಳಿಯಲೇ ಇಲ್ಲ. ಒಳಗಿರೋ ಈ ಹೆಪಾ ಅನ್ನೋ ಫಿಲ್ಟರ್ ಜರಡಿಯಲ್ಲ. ಸಿಕ್ಕುಸಿಕ್ಕಾದ ಸಣ್ಣ ನಾರುಗಳ ಹಾಸು ಅದು, ಕಣ ಬಂದು ನಾರಿಗೆ ಅಂಟಿಕೊಳ್ಳುತ್ತೆ. ಗಾಳಿ ಹೊಡೆದರೂ ನೀರಲ್ಲಿ ತೊಳೆದರೂ ನಾರು ಹರಿಯುತ್ತೆ. ಇಪ್ಪತ್ತಾರು ದಿನ ಕಾದ ಮೇಲೆ ಹೊಸದು ಬಂತು. ಆದ್ದರಿಂದ ಮಿಷನ್ ಕೊಳ್ಳೋ ಮುಂಚೆ ಫಿಲ್ಟರ್ ಬೆಲೆ ಕೇಳಿ, ಸಾಧ್ಯವಾದರೆ ಒಂದನ್ನ ಜೊತೆಗೇ ತಂದಿಡಿ.

ವಾಸನೆಗೆ ಇದು ದಂಡ. ಪಕ್ಕದ ಖಾಲಿ ಸೈಟಿನಲ್ಲಿ ಪ್ಲಾಸ್ಟಿಕ್ ಸುಟ್ಟರೆ ಕಣ ಹಿಡಿಯುತ್ತೆ, ಅನಿಲ ಹಿಡಿಯಲ್ಲ. ವಾಸನೆ ಹೀರೋಕೆ ಕಾರ್ಬನ್ ಪದರ ಅಂತ ಕೊಟ್ಟಿರೋದು ಹಪ್ಪಳದಷ್ಟು ತೆಳು. ಗಾಳಿಯ ಕಣಗಳಿಗೆ ವಿದ್ಯುತ್ ಚಾರ್ಜ್ ಕೊಡೋ ಅಯೋನೈಸರ್ ಬಟನ್ ನಾನು ಮುಟ್ಟಲ್ಲ. ಅಂಥವು ಓಜೋನ್ ಬಿಡಬಹುದು, ಓಜೋನ್ ತಾನೇ ಶ್ವಾಸನಾಳಕ್ಕೆ ಉರಿ.

ಅಮ್ಮ ಹೇಗಿದ್ದಾಳೆ? ರಾತ್ರಿ ಏಳೋದು ಕಮ್ಮಿಯಾಗಿದೆ, ಬೆಳಗಿನ ಕಫವೂ ಕಮ್ಮಿ. ಇನ್‌ಹೇಲರ್ ಹಾಗೇ ಇದೆ, ಅದನ್ನ ಡಬ್ಬಿ ನಂಬಿ ಬಿಡೋ ಹಾಗಿಲ್ಲ. ಫೆಬ್ರವರಿಯಲ್ಲಿ ರಸ್ತೆ ಅಗೆದಾಗ ಮತ್ತೆ ನೆಬ್ಯುಲೈಸರ್ ಹಾಕಿಸ್ಬೇಕಾಯ್ತು, ಯಾಕಂದ್ರೆ ಸಂಜೆ ಐದರಿಂದ ಏಳು ಅವಳು ಕೂರೋದು ಗೇಟಿನ ಹತ್ತಿರದ ಕಟ್ಟೆ ಮೇಲೆ. 'ದಿನವಿಡೀ ಬಾಗಿಲು ಹಾಕ್ಕೊಂಡು ಕೂರೋಕೆ ನಾನೇನು ಉಪ್ಪಿನಕಾಯೇನೋ?' ಅಂತಾಳೆ. ನಾನು ಮಾತ್ರ ಏನು, ಹತ್ತು ಗಂಟೆ ಗ್ರೈಂಡಿಂಗ್ ಧೂಳಲ್ಲಿ ಇದ್ದು ಬಂದು ಅವಳಿಗೆ ಬುದ್ಧಿ ಹೇಳ್ತೀನಿ. ಎನ್95 ಹಾಕೋದು ಈಗ ರೂಢಿಯಾಗಿದೆ, ಹುಡುಗರಿಗೂ ಡಬ್ಬಗಟ್ಟಲೆ ತರಿಸಿಟ್ಟಿದ್ದೀನಿ.

ಮೊನ್ನೆ ಎರಡನೇ ಫಿಲ್ಟರ್ ಬಿಚ್ಚಿ ಕವರಿಗೆ ಹಾಕಿ ಕಸದ ಗಾಡಿಗೆ ಕೊಡೋಕೆ ಹೊರಟೆ. ಅಮ್ಮ ತಡೆದಳು. 'ಅಲ್ಲಿ ಕೊಟ್ರೆ ಯಾರಾದ್ರೂ ಬೆಂಕಿ ಹಾಕ್ತಾರೆ ಕಣೋ, ಮತ್ತೆ ನನ್ನ ಮೂಗಿಗೇ ಬರುತ್ತೆ.' ಎರಡೂ ಫಿಲ್ಟರ್ ಈಗ ಅಟ್ಟದ ಮೇಲಿವೆ.